ಹುಟ್ಟಿದಾಗ ಅಳದ ಮಗು, ಫಿಟ್ಸ್ ಅಂತ ಕಾಣದ ಫಿಟ್ಸ್

(ತಾಲ್ಲೂಕಿನ ಆಶಾ ಕಾರ್ಯಕರ್ತೆಯರು, ಹೆರಿಗೆ ವಾರ್ಡಿನ ನರ್ಸ್‌ಗಳು ಮತ್ತು ಒಂದಷ್ಟು ತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟದ ಹೊತ್ತಿಗೆ ಮುಗಿಸಬೇಕು ಅಂತ ಹೇಳಿದ್ದಾರೆ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ.

ಸುಮಾರು ವರ್ಷಗಳ ಹಿಂದಿನ ಮಾತು. ನವಜಾತ ಶಿಶುಗಳ ಘಟಕದಲ್ಲಿ ನನ್ನದು ರಾತ್ರಿ ಡ್ಯೂಟಿ. ನೀವೆಲ್ಲ ‘ಪೆಟ್ಟಿಗೆ’ ಅಂತೀರಲ್ಲ, ಆ ವಾರ್ಮರ್ ಮೇಲೆ ಒಂದು ಗಂಡುಮಗು. ಹುಟ್ಟಿ 14 ಗಂಟೆಯಾಗಿತ್ತು. ತೂಕ 2.8 ಕೆಜಿ, ನೋಡೋಕೆ ದುಂಡುದುಂಡಗೆ. ಬೇರೆ ಕಡೆ ಹೆರಿಗೆಯಾಗಿತ್ತು. ಹುಟ್ಟಿದ ತಕ್ಷಣ ಅಳಲಿಲ್ಲ ಅಂತ 108ರಲ್ಲಿ ನಮ್ಮ ಹತ್ತಿರ ಕಳಿಸಿದ್ದರು. ತಾಯಿ ಇನ್ನೂ ಆ ಊರಿನ ಆಸ್ಪತ್ರೆಯಲ್ಲೇ ಇದ್ದಳು. ಮಗುವಿನ ಜೊತೆ ಬಂದವರು ಅಜ್ಜಿ. ಗಾಜಿನ ಆಚೆಯಿಂದ ಇಣುಕಿ ಇಣುಕಿ ನೋಡುತ್ತಿದ್ದರು. ಒಳಗೆ ಕರೆದೆ. ಕೈ ತೊಳೆದು ಬಂದವರ ಮುಖ ಮೊಮ್ಮಗನನ್ನು ನೋಡಿದ್ದೇ ಅರಳಿತು. ‘ನೋಡಿ ಮೇಡಮ್ಮಾರೆ, ಹೆಂಗೆ ಕಾಲಾಡಿಸ್ತಾ ಅವ್ನೆ. ಚೂಟಿ ಅವ್ನೆ ನನ್ ಕಂದ’ ಅಂದರು.

ಮಗು ಕಾಲಾಡಿಸುತ್ತಿದ್ದದ್ದು ನಿಜ. ಬಲಗಾಲು ಮಾತ್ರ. ಸೈಕಲ್ ತುಳಿದ ಹಾಗೆ, ಒಂದೇ ತಾಳದಲ್ಲಿ. ಹಾಲು ಕುಡಿಯುವಾಗಿನಂತೆ ತುಟಿ ಚಪ್ಪರಿಸುತ್ತಿತ್ತು. ಕಣ್ಣು ತೆರೆದೇ ಇದ್ದವು, ಆದರೆ ಎರಡೂ ಬಲಗಡೆಗೆ ವಾಲಿ ಅಲ್ಲೇ ನಿಂತುಬಿಟ್ಟಿದ್ದವು. ಆ ಕಾಲಿನ ಮೇಲೆ ಅಂಗೈ ಇಟ್ಟು ಮೆತ್ತಗೆ ಹಿಡಿದೆ. ನನ್ನ ಕೈಯೊಳಗೂ ಅದು ತುಳಿಯುತ್ತಲೇ ಇತ್ತು.

ಅದು ಫಿಟ್ಸ್. ಅಜ್ಜಿಗೆ ಅದನ್ನು ಹೇಳಿದ ಆ ಒಂದು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಇವತ್ತು ನಿಮ್ಮ ಮುಂದೆ ನಿಂತಿರುವುದಕ್ಕೆ ಕಾರಣವೂ ಅದೇ. ನಾವು ಫಿಟ್ಸ್ ಅಂದರೆ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಮೈಯೆಲ್ಲ ಅದುರುವುದು ಅಂತ ತಿಳಿದಿದ್ದೇವೆ. ಈಗಷ್ಟೇ ಹುಟ್ಟಿದ ಮಗುವಿನಲ್ಲಿ ಅದು ಹಾಗೆ ಬರುವುದೇ ಇಲ್ಲ. ನೋಡಿದವರಿಗೆ ಮಗು ಆಟವಾಡುತ್ತಿದೆ, ಮೈಮುರಿಯುತ್ತಿದೆ, ಹಸಿವಿಗೆ ತುಟಿ ಆಡಿಸುತ್ತಿದೆ ಅನ್ನಿಸುತ್ತದೆ. ಹಾಗಾಗಿ ಮಗುವಿನ ಪಕ್ಕದಲ್ಲಿ ಕೂತವರಿಗೆ, ಅಂದರೆ ತಾಯಿಗೆ, ಅಜ್ಜಿಗೆ, ನರ್ಸ್‌ಗೆ, ಮನೆಗೆ ಬರುವ ಆಶಾಗೆ, ಇದು ಗೊತ್ತಿರಲೇಬೇಕು. ಡಾಕ್ಟರ್ ವಾರ್ಮರ್ ಹತ್ತಿರ ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತಾರೆ? ನೀವು ನಿಲ್ಲುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ.

ದೊಡ್ಡವರ ಹಾಗೆ ಯಾಕೆ ಬರುವುದಿಲ್ಲ ಅಂತ ಕೇಳಬಹುದು. ದೊಡ್ಡವರ ಮಿದುಳಿನಲ್ಲಿ ನರದ ಎಳೆಗಳ ಮೇಲೆ ವೈರಿನ ಮೇಲಿನ ಪ್ಲಾಸ್ಟಿಕ್ ತರಹ ಒಂದು ಹೊದಿಕೆ ಇರುತ್ತದೆ. ಎಡ ಬಲ ಭಾಗಗಳನ್ನು ಸೇರಿಸುವ ದಾರಿಗಳೂ ಚೆನ್ನಾಗಿ ಬಲಿತಿರುತ್ತವೆ. ಒಂದು ಕಡೆ ಎದ್ದ ಕಿಡಿ ಕ್ಷಣದಲ್ಲಿ ಇಡೀ ಮಿದುಳಿಗೆ ಹರಡುತ್ತದೆ, ಇಡೀ ಮೈ ಅದುರುತ್ತದೆ. ಹಸುಗೂಸಿನಲ್ಲಿ ಆ ಹೊದಿಕೆಯೂ ಪೂರ್ತಿ ಇಲ್ಲ, ದಾರಿಗಳೂ ಪೂರ್ತಿ ಆಗಿಲ್ಲ. ಕಿಡಿ ಎದ್ದ ಜಾಗದಲ್ಲೇ ಸುತ್ತುತ್ತದೆ. ಅದಕ್ಕೇ ಒಂದು ಕಾಲು, ಒಂದು ಕಣ್ಣಿನ ರೆಪ್ಪೆ, ತುಟಿ, ನಾಲಿಗೆ. ಕೆಲವು ಸಲ ಬರೀ ಉಸಿರು ನಿಂತು ಮಗು ನೀಲಿ ತಿರುಗುತ್ತದೆ, ಬೇರೆ ಏನೂ ಇರುವುದಿಲ್ಲ. ಕೆಲವು ಫಿಟ್ಸ್ ಹೊರಗೆ ಕಾಣುವುದೇ ಇಲ್ಲ. ಮಗು ಸುಮ್ನೆ ಮಲಗಿರುತ್ತದೆ, ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ, ಹಾಕಿದರೆ ಒಳಗೆ ಬಿರುಗಾಳಿ ಎದ್ದಿರುತ್ತದೆ. ಔಷಧಿ ಕೊಟ್ಟ ಮೇಲೆ ಇದು ಇನ್ನೂ ಜಾಸ್ತಿ. ಕಾಲು ನಿಲ್ಲುತ್ತದೆ, ನಮಗೆ ಸಮಾಧಾನವಾಗುತ್ತದೆ, ಒಳಗಿನದು ನಡೆಯುತ್ತಲೇ ಇರುತ್ತದೆ. ಸೌಲಭ್ಯ ಇರುವ ಕಡೆ ತಲೆಗೆ ತಂತಿ ಅಂಟಿಸಿ ಗಂಟೆಗಟ್ಟಲೆ ಬಿಡುವುದು ಇದಕ್ಕೇ. ‘ಮಗು ಸುಮ್ನೆ ಮಲಗಿದೆಯಲ್ಲ, ತಂತಿ ಯಾಕೆ’ ಅಂತ ಸಿಟ್ಟಾಗಬೇಡಿ.

ಈಗ ಇದೆಲ್ಲ ಯಾಕೆ ಆಗುತ್ತದೆ ಅಂತ ನೋಡೋಣ.

ಹೊಟ್ಟೆಯಲ್ಲಿರುವ ಮಗು ತಾನೇ ಉಸಿರಾಡುವುದಿಲ್ಲ. ಆಕ್ಸಿಜನ್ ಬರುವುದು ಮಾಸಿನಿಂದ, ಹೊಕ್ಕುಳ ಬಳ್ಳಿಯ ಮೂಲಕ. ಹೆರಿಗೆ ನೋವು ಬಂದಾಗ ಗರ್ಭಕೋಶ ಹಿಂಡುತ್ತದೆ. ಹಿಂಡಿದಷ್ಟು ಹೊತ್ತು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ನೋವಿಗೂ ನೋವಿಗೂ ನಡುವಿನ ಬಿಡುವಿನಲ್ಲಿ ಮಗು ಸುಧಾರಿಸಿಕೊಳ್ಳುತ್ತದೆ. ಪ್ರಕೃತಿ ಮಾಡಿದ ಲೆಕ್ಕ ಇದು. ಈ ಬಿಡುವು ಸಿಗದೆ ಹೋದರೆ ಕಷ್ಟ. ಮಾಸು ಮೊದಲೇ ಬಿಟ್ಟುಕೊಂಡರೆ, ಬಳ್ಳಿ ಕೆಳಗೆ ಜಾರಿ ಒತ್ತಿಕೊಂಡರೆ, ಮಗು ಅಡ್ಡ ಸಿಕ್ಕಿಹಾಕಿಕೊಂಡು ಹೆರಿಗೆ ಮುಂದೆ ಸಾಗದಿದ್ದರೆ, ತಾಯಿಗೆ ಬಿಪಿ ಜಾಸ್ತಿ ಇದ್ದು ಮಾಸೇ ಸೊರಗಿದ್ದರೆ ಹೀಗಾಗಬಹುದು. ಇನ್ನೊಂದು ಕಾರಣವನ್ನು ಇಲ್ಲಿರುವ ಸಿಸ್ಟರ್‌ಗಳಿಗಾಗಿ ಬಿಡಿಸಿ ಹೇಳಬೇಕು. ನೋವು ಬರಿಸುವ ಇಂಜೆಕ್ಷನ್, ಆಕ್ಸಿಟೋಸಿನ್. ಅದು ಒಳ್ಳೆಯ ಔಷಧಿ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಿ ಎಷ್ಟೋ ತಾಯಂದಿರ ಜೀವ ಉಳಿಸಿದೆ. ಆದರೆ ಹೆರಿಗೆಗೆ ಮುಂಚೆ, ‘ಬೇಗ ಆಗಲಿ’ ಅಂತ, ಹನಿ ಎಣಿಸದೆ, ಮಗುವಿನ ಎದೆಬಡಿತ ಕೇಳದೆ ಕೊಟ್ಟರೆ ಅದೇ ಔಷಧಿ ಆ ಬಿಡುವನ್ನು ಕಿತ್ತುಕೊಳ್ಳುತ್ತದೆ. ನೋವಿನ ಮೇಲೆ ನೋವು ಬರುತ್ತದೆ. ಮಗುವಿಗೆ ಸುಧಾರಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಮನೆಯವರಿಗೂ ಒಂದು ಮಾತು. ಲೇಬರ್ ರೂಮಿನ ಬಾಗಿಲಲ್ಲಿ ನಿಂತು ‘ಇನ್ನೂ ಆಗಿಲ್ವಾ, ಏನಾದ್ರೂ ಇಂಜೆಕ್ಷನ್ ಕೊಡಿ’ ಅಂತ ಒತ್ತಾಯ ಮಾಡುವವರು ನೀವೇ ಅಲ್ವಾ? ದಯವಿಟ್ಟು ಬೇಡ. ಹಾಗೆ ಕೇಳುವ ಬದಲು ‘ಮಗುವಿನ ಹಾರ್ಟ್‌ಬೀಟ್ ಎಷ್ಟಿದೆ ಸಿಸ್ಟರ್’ ಅಂತ ಕೇಳಿ. ನಿಮಿಷಕ್ಕೆ 110ರಿಂದ 160 ಇರಬೇಕು. ನೋವು ಜೋರಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ತಾಯಿ ಮುಕ್ಕುವ ಹೊತ್ತಿನಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಒಬ್ಬ ಸಿಸ್ಟರ್ ನಾಲ್ಕು ಟೇಬಲ್ ನೋಡಿಕೊಳ್ಳುವ ಕಡೆ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಕಷ್ಟವನ್ನು ಸಿಸ್ಟರ್ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಬಾರದು. ಇನ್ನೊಬ್ಬರನ್ನು ಕೊಡಿ ಅಂತ ನಾವೆಲ್ಲ ಸೇರಿ ಕೇಳಬೇಕು.

ಆಕ್ಸಿಜನ್ ನಿಂತರೆ ಮಿದುಳಿನ ಕಣಕ್ಕೆ ಏನಾಗುತ್ತದೆ? ನಮ್ಮ ತಗ್ಗಿನ ಹೊಲ ನೆನಪು ಮಾಡಿಕೊಳ್ಳಿ. ನೀರು ಒಸರುತ್ತಲೇ ಇರುತ್ತದೆ, ಪಂಪ್ ಹಾಕಿ ಹೊರಗೆ ಎಸೆಯುತ್ತಲೇ ಇರಬೇಕು. ಕರೆಂಟ್ ಹೋದರೆ ಹೊಲ ತುಂಬುತ್ತದೆ. ಪ್ರತಿ ಕಣದಲ್ಲೂ ಇಂಥದೇ ಪಂಪ್ ಇದೆ. ಉಪ್ಪನ್ನೂ ಅದರ ಜೊತೆ ನೀರನ್ನೂ ಹೊರಗೆ ತಳ್ಳುತ್ತಿರುತ್ತದೆ. ಆಕ್ಸಿಜನ್ ಇಲ್ಲ ಅಂದರೆ ಪಂಪ್ ನಿಲ್ಲುತ್ತದೆ, ಕಣ ಊದಿಕೊಳ್ಳುತ್ತದೆ. ಅಷ್ಟರಲ್ಲಿ ಮಗು ಹುಟ್ಟುತ್ತದೆ, ಉಸಿರು ಕೊಡುತ್ತೇವೆ, ಕರೆಂಟ್ ವಾಪಸ್ ಬರುತ್ತದೆ. ಸಾಕಷ್ಟು ಕಣಗಳು ಚೇತರಿಸಿಕೊಳ್ಳುತ್ತವೆ. ಮಗು ನೋಡೋಕೂ ಪರವಾಗಿಲ್ಲ ಅನ್ನಿಸುತ್ತದೆ.

ಮೋಸ ಇಲ್ಲೇ ಇದೆ. ಕರೆಂಟ್ ಹೋದಾಗ ಸುಡದ ಮೋಟಾರ್ ಎಷ್ಟೋ ಸಲ ಕರೆಂಟ್ ಬಂದಾಗ ಸುಡುತ್ತದೆ, ನೋಡಿದ್ದೀರಲ್ಲ. ಮೊದಲ ಪೆಟ್ಟಿನ ನಂತರ ಸುಮಾರು 6 ಗಂಟೆ ತಣ್ಣಗಿನ ಸಮಯ. ಆಮೇಲೆ ಎರಡನೇ ಪೆಟ್ಟು ಶುರುವಾಗುತ್ತದೆ. ಊತ, ಉರಿಯೂತ, ನರಗಳನ್ನು ಕೆರಳಿಸುವ ರಾಸಾಯನಿಕಗಳ ಸುರಿಮಳೆ. ಎರಡು ಮೂರು ದಿನ ಇದು ನಡೆಯುತ್ತದೆ. ಫಿಟ್ಸ್ ಬರುವುದೂ ಹೆಚ್ಚಾಗಿ ಈ ಹೊತ್ತಿನಲ್ಲೇ, ಮೊದಲ 24 ಗಂಟೆಯೊಳಗೆ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಮೊದಲ ದಿನಗಳಲ್ಲಿ ಬರುವ ಫಿಟ್ಸ್‌ಗೆ ಪ್ರಪಂಚದಲ್ಲೆಲ್ಲ ಅತಿ ದೊಡ್ಡ ಕಾರಣ ಇದೇ.

ಆ ಅಜ್ಜಿಯ ಮೊಮ್ಮಗ ನಮ್ಮಲ್ಲಿಗೆ ಬಂದಾಗ 9 ಗಂಟೆ ಕಳೆದಿತ್ತು.

6 ಗಂಟೆ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮಗುವಿನ ಮೈ ತಂಪು ಮಾಡುವ ಚಿಕಿತ್ಸೆ ಆ ಅವಧಿಯೊಳಗೇ ಶುರುವಾಗಬೇಕು. ಮಗುವಿನ ಒಳಮೈಯನ್ನು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಹಾಗೇ ಇಟ್ಟು, ಆಮೇಲೆ ಗಂಟೆಗೆ ಅರ್ಧ ಡಿಗ್ರಿಯಂತೆ ನಿಧಾನಕ್ಕೆ ಬೆಚ್ಚಗೆ ಮಾಡುತ್ತಾರೆ. 2005ರಿಂದ ಈಚೆಗೆ ಶ್ರೀಮಂತ ದೇಶಗಳಲ್ಲಿ ಒಂದರ ಹಿಂದೆ ಒಂದು ಪ್ರಯೋಗಗಳು ನಡೆದು ಅಲ್ಲಿ ಇದು ಖಾಯಂ ಚಿಕಿತ್ಸೆಯಾಯಿತು. ಅಲ್ಲಿನ ಲೆಕ್ಕದಲ್ಲಿ 7 ಮಕ್ಕಳಿಗೆ ಕೊಟ್ಟರೆ ಒಂದು ಮಗು ಸಾವಿನಿಂದಲೋ ದೊಡ್ಡ ಅಂಗವೈಕಲ್ಯದಿಂದಲೋ ಪಾರಾಗುತ್ತದೆ. ಸಣ್ಣ ವಿಷಯವಲ್ಲ.

ನಮ್ಮಲ್ಲೂ ಹಾಗೇ ಆಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. 2015ರಿಂದ 2019ರವರೆಗೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 7 ದೊಡ್ಡ ಆಸ್ಪತ್ರೆಗಳಲ್ಲಿ ಹೀಲಿಕ್ಸ್ ಅನ್ನುವ ಪ್ರಯೋಗ ನಡೆಯಿತು. ಬೆಂಗಳೂರಿನ ಆಸ್ಪತ್ರೆಗಳೂ ಅದರಲ್ಲಿದ್ದವು. ಒಟ್ಟು 408 ಮಕ್ಕಳು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತಂಪು ಮಾಡಿದ ಮಕ್ಕಳಲ್ಲಿ 100ಕ್ಕೆ 42 ತೀರಿಕೊಂಡಿದ್ದವು, ಮಾಡದ ಮಕ್ಕಳಲ್ಲಿ 31. ಸಹಾಯವಾಗುವ ಬದಲು ಸಾವು ಜಾಸ್ತಿ. ಆ ಅಂಕಿಗಳನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಯಾಕೆ ಹೀಗಾಯಿತು? ಪೂರ್ತಿ ಉತ್ತರಕ್ಕಾಗಿ ಇನ್ನೂ ಕೆಲಸ ನಡೆಯುತ್ತಿದೆ. ಆದರೆ ಆ ಮಕ್ಕಳ ಮಿದುಳಿನ ಎಂಆರ್‌ಐ ಒಂದು ಸುಳಿವು ಕೊಟ್ಟಿತು. ಆಕ್ಸಿಜನ್ ಒಂದೇ ಸಲಕ್ಕೆ ಪೂರ್ತಿ ನಿಂತರೆ ಮಿದುಳಿನ ಆಳದ ಗಂಟುಗಳಿಗೆ ಪೆಟ್ಟಾಗುತ್ತದೆ. ಸ್ವಲ್ಪ ಸ್ವಲ್ಪವೇ, ತುಂಬಾ ಹೊತ್ತು ಕಡಿಮೆಯಾಗುತ್ತಾ ಹೋದರೆ ಬಿಳಿ ಭಾಗಕ್ಕೆ ಪೆಟ್ಟಾಗುತ್ತದೆ. ನಮ್ಮ ಮಕ್ಕಳಲ್ಲಿ ಈ ಎರಡನೆಯದೇ ಎದ್ದು ಕಂಡಿತು. ಅಂದರೆ ಪೆಟ್ಟು ಹುಟ್ಟುವ ಕ್ಷಣದಲ್ಲಿ ಬಿದ್ದದ್ದಲ್ಲ, ಅದಕ್ಕೆ ಗಂಟೆಗಟ್ಟಲೆ ಮೊದಲೇ, ಹೊಟ್ಟೆಯೊಳಗೇ ಶುರುವಾಗಿತ್ತು. ಬಹಳಷ್ಟು ಮಕ್ಕಳಿಗೆ ತಂಪು ಶುರು ಮಾಡುವ ಮೊದಲೇ ಫಿಟ್ಸ್ ಬಂದಿತ್ತು. ನಾವು ಹುಟ್ಟಿದ ಗಳಿಗೆಯಿಂದ 6 ಗಂಟೆ ಎಣಿಸುತ್ತಿದ್ದೆವು. ಮಗುವಿನ ಗಡಿಯಾರ ಅದಕ್ಕೂ ಮೊದಲೇ ಓಡುತ್ತಿತ್ತು.

ನಾನು ತಂಪು ಮಾಡುವುದನ್ನು ವಿರೋಧಿಸುತ್ತಿಲ್ಲ. ಎಲ್ಲ ಅನುಕೂಲ ಇರುವ ಕಡೆ, ಮಗುವನ್ನು ಸರಿಯಾಗಿ ಆರಿಸಿ ಮಾಡುವವರಿದ್ದಾರೆ. ಆದರೆ ಈ ಫಲಿತಾಂಶದಿಂದ ನಾನು ಕಲಿತದ್ದು ಬೇರೆ. ಯಾವ ಮಿಷನ್ ಬರುತ್ತದೆ ಅಂತ ಕಾಯುವುದಕ್ಕಿಂತ ಲೇಬರ್ ರೂಮಿನಲ್ಲಿ ಎದೆಬಡಿತ ಕೇಳುವ ಒಂದು ಡಾಪ್ಲರ್, ಕೇಳುವ ಒಂದು ಜೊತೆ ಕಿವಿ, ಕೇಳಿದ ಮೇಲೆ ಹೊತ್ತಿಗೆ ಸರಿಯಾಗಿ ಸಿಸೇರಿಯನ್ ಮಾಡುವ ಏರ್ಪಾಟು ನಮಗೆ ಜಾಸ್ತಿ ಬೇಕು.

ಹುಟ್ಟಿದ ಮೊದಲ ನಿಮಿಷದ ವಿಷಯ ನಿಮಗೆ ಗೊತ್ತಿರುವುದೇ. 2009ರಿಂದ ನವಜಾತ ಶಿಶು ಸುರಕ್ಷಾ ತರಬೇತಿಯಲ್ಲಿ ಕಲಿಸುತ್ತಾ ಬಂದಿದ್ದಾರೆ, ಬೇಗ ಹೇಳಿ ಮುಗಿಸುತ್ತೇನೆ. ಮಗುವನ್ನು ಒರೆಸಿ, ಬೆಚ್ಚಗಿಡಿ, ಬೆನ್ನು ಉಜ್ಜಿ. ಆಗಲೂ ಉಸಿರಾಡದಿದ್ದರೆ ಆ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಿ, ನಿಮಿಷಕ್ಕೆ 40ರಿಂದ 60. ಕಾಲು ಹಿಡಿದು ತಲೆಕೆಳಗು ಮಾಡಿ ಹೊಡೆಯುವುದು ಬೇಡ, ಮುಖಕ್ಕೆ ನೀರು ಚಿಮುಕಿಸುವುದು ಬೇಡ. ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಆಕ್ಸಿಜನ್ ಇಲ್ಲದೆ ನರಳಿದ ಮಗುವಿಗೆ ಶುದ್ಧ ಆಕ್ಸಿಜನ್ ಕೊಡಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ದೆಹಲಿಯ ಡಾಕ್ಟರ್ ಸಿದ್ಧಾರ್ಥ್ ರಾಮ್‌ಜಿ ಮತ್ತು ನಾರ್ವೆಯ ಸೌಗ್‌ಸ್ಟಾಡ್ ಸೇರಿ 1993ರಲ್ಲಿ, ಮಾಮೂಲಿ ಗಾಳಿಯಿಂದಲೇ ಉಸಿರು ಕೊಟ್ಟರೂ ಮಕ್ಕಳು ಅಷ್ಟೇ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಅಂತ ತೋರಿಸಿದರು. ಹಸಿದ ಹೊಟ್ಟೆಗೆ ಒಂದೇ ಸಲ ಹಬ್ಬದೂಟ ಹಾಕಿದರೆ ತಡೆಯುತ್ತದೆಯೇ? ಹಾಗೇ ಇದೂ. ಇವತ್ತು ತಿಂಗಳು ತುಂಬಿದ ಮಗುವಿಗೆ ಪ್ರಪಂಚದಲ್ಲೆಲ್ಲ ಗಾಳಿಯಿಂದಲೇ ಶುರು ಮಾಡುತ್ತಾರೆ. ಸಿಲಿಂಡರ್ ಹುಡುಕುತ್ತಾ ನಿಮಿಷ ಕಳೆಯಬೇಡಿ, ಬ್ಯಾಗ್ ಒತ್ತಿ.

ಫಿಟ್ಸ್ ವಿಷಯಕ್ಕೆ ವಾಪಸ್ ಬರುತ್ತೇನೆ. ಆ ರಾತ್ರಿ ಮೊದಲು ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಶುಗರ್ ನೋಡಿದೆವು. ಯಾಕೆಂದರೆ ಶುಗರ್ ಕಡಿಮೆಯಾದರೂ ಫಿಟ್ಸ್ ಬರುತ್ತದೆ, ಕ್ಯಾಲ್ಸಿಯಂ ಕಡಿಮೆಯಾದರೂ ಬರುತ್ತದೆ, ನಂಜಾದರೂ ಬರುತ್ತದೆ. ಶುಗರ್ ಸರಿಯಿತ್ತು. ಫೀನೋಬಾರ್ಬಿಟಾಲ್ ಕೊಟ್ಟೆವು, ಕೆಜಿಗೆ 20 ಮಿಲಿಗ್ರಾಂ. 2.8 ಕೆಜಿಗೆ 56 ಮಿಲಿಗ್ರಾಂ, ನಿಧಾನಕ್ಕೆ. ನಾನು ಕಾಲಿನ ಮೇಲಿನ ಕೈ ತೆಗೆದಿರಲಿಲ್ಲ. ತುಳಿತ ನಿಧಾನವಾಯಿತು, ನಡುನಡುವೆ ತಡೆಯಿತು, ನಿಂತಿತು. ಕಣ್ಣು ಆಮೇಲೆ ನಡುವಿಗೆ ಬಂದವು.

ಫೀನೋಬಾರ್ಬಿಟಾಲ್ 100 ವರ್ಷಕ್ಕೂ ಹಳೆಯದು. 1912ರಿಂದ ಫಿಟ್ಸ್‌ಗೆ ಬಳಕೆಯಲ್ಲಿದೆ. ‘ಇಷ್ಟು ಹಳೇ ಔಷಧಿ ಯಾಕೆ ಮೇಡಂ, ಹೊಸದು ಬಂದಿದೆಯಂತೆ’ ಅಂತ ಓದಿಕೊಂಡ ಅಪ್ಪಂದಿರು ಕೇಳುತ್ತಾರೆ. ಹೊಸದಾದ ಲೆವೆಟಿರಾಸೆಟಾಮ್ ಜೊತೆ ಹೋಲಿಸಿ ನೋಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಮೊದಲ ಔಷಧಿಯಾಗಿ ಕೊಟ್ಟಾಗ 24 ಗಂಟೆ ಫಿಟ್ಸ್ ನಿಂತದ್ದು ಹಳೆಯದರಲ್ಲಿ 100ಕ್ಕೆ 80 ಮಕ್ಕಳಲ್ಲಿ, ಹೊಸದರಲ್ಲಿ 28 ಮಕ್ಕಳಲ್ಲಿ. ಹಾಗಾಗಿ ಹಳೆಯದೇ ಮೊದಲು. ಆದರೂ ಅದು ಎಲ್ಲ ಮಕ್ಕಳಲ್ಲೂ ಕೆಲಸ ಮಾಡುವುದಿಲ್ಲ. ನಮ್ಮ ಮಿದುಳಿನಲ್ಲಿ ಬ್ರೇಕ್ ಹಾಕುವ ರಾಸಾಯನಿಕವೊಂದಿದೆ, ಗಾಬಾ ಅಂತ. ಹಸುಗೂಸಿನ ಎಳೆ ನರಗಳಲ್ಲಿ ಅದೇ ಗಾಬಾ ಎಷ್ಟೋ ಕಡೆ ಬ್ರೇಕಿನ ಬದಲು ಆಕ್ಸಿಲರೇಟರ್ ಥರ ನಡೆದುಕೊಳ್ಳುತ್ತದೆ. ಫೀನೋಬಾರ್ಬಿಟಾಲ್ ಒತ್ತುವುದು ಆ ಬ್ರೇಕನ್ನೇ. ಬ್ರೇಕೇ ಇನ್ನೂ ಸರಿಯಾಗಿ ಕೂತಿಲ್ಲದ ಗಾಡಿ, ನೋಡಿ.

ಈಗ ತಾಯಂದಿರಿಗೆ. ಈ ಫಿಟ್ಸ್ ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಅಡಗುತ್ತದೆ. ಹುಟ್ಟಿದಾಗ ಫಿಟ್ಸ್ ಬಂದ ಮಗುವಿಗೆಲ್ಲ ಜೀವನಪೂರ್ತಿ ಮೂರ್ಛೆರೋಗ ಇರುವುದಿಲ್ಲ. ಹಾಗಾಗಿ ಪೆಟ್ಟಿನಿಂದ ಬಂದ ಫಿಟ್ಸ್ ನಿಂತಿದ್ದರೆ ಮನೆಗೆ ಕಳಿಸುವ ಮೊದಲೇ ಔಷಧಿ ನಿಲ್ಲಿಸಬಹುದು ಅಂತ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲಿ 303 ಮಕ್ಕಳನ್ನು ಗಮನಿಸಿದ್ದರು. ಮನೆಗೆ ಹೋದ ಮೇಲೂ ಔಷಧಿ ಮುಂದುವರಿಸಿದ ಮಕ್ಕಳಿಗೂ ನಿಲ್ಲಿಸಿದ ಮಕ್ಕಳಿಗೂ 2 ವರ್ಷದ ಹೊತ್ತಿಗೆ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಎರಡು ಮೂರು ವರ್ಷ ಸುಮ್ನೆ ಆ ಸಿರಪ್ ಕುಡಿದು ಮಂಪರಿನಲ್ಲೇ ಇರುವ ಮಕ್ಕಳನ್ನು ನಾನು ನೋಡುತ್ತಲೇ ಇದ್ದೇನೆ. ‘ಈ ಔಷಧಿ ಎಲ್ಲಿಯವರೆಗೆ’ ಅಂತ ಬರೆಸಿಕೊಳ್ಳಿ. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ. ಕೇಳಿ, ಹೇಳಿದ ಮೇಲೆ ನಿಲ್ಲಿಸಿ.

ಈಗ ಇವತ್ತಿನ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ಆಸ್ಪತ್ರೆಯ ಫಿಟ್ಸ್ ನಿಂತು, ಮಗು ಮನೆಗೆ ಹೋಗಿ, ಎಲ್ಲ ಸರಿಹೋಯಿತು ಅನ್ನುವ ಹೊತ್ತಿನಲ್ಲಿ, ಸುಮಾರು 4ರಿಂದ 7 ತಿಂಗಳ ನಡುವೆ, ಇನ್ನೊಂದು ಬಗೆಯ ಫಿಟ್ಸ್ ಶುರುವಾಗಬಹುದು. ಇದೂ ಫಿಟ್ಸ್ ಅಂತ ಕಾಣುವುದಿಲ್ಲ. ಮಗು ನಿದ್ದೆಯಿಂದ ಎದ್ದಿರುತ್ತದೆ. ತಲೆ ಮುಂದಕ್ಕೆ ಬಗ್ಗುತ್ತದೆ, ಎರಡೂ ಕೈ ಮೇಲೆತ್ತಿ ಅಗಲ ಮಾಡುತ್ತದೆ, ಸಲಾಮು ಮಾಡಿದ ಹಾಗೆ. ಒಂದೇ ಕ್ಷಣ. ಸಡಿಲವಾಗುತ್ತದೆ. ಕೆಲವು ಸೆಕೆಂಡ್ ಬಿಟ್ಟು ಮತ್ತೆ. ಹೀಗೆ ಒಂದು ಸರಣಿಯಲ್ಲಿ ಹತ್ತು, ಇಪ್ಪತ್ತು ಸಲ. ಕೊನೆಯಲ್ಲಿ ಮಗು ಅಳುತ್ತದೆ. ಮನೆಯಲ್ಲಿ ಏನಂತಾರೆ? ‘ಮಗು ಬೆಚ್ಚಿಬೀಳ್ತಿದೆ’, ‘ಗ್ಯಾಸ್’, ‘ದೃಷ್ಟಿ ಆಗಿದೆ’.

ಇದನ್ನು ಮೊದಲು ಬರೆದಿಟ್ಟವರು ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ಜೇಮ್ಸ್ ವೆಸ್ಟ್. 1841ರಲ್ಲಿ ಲ್ಯಾನ್ಸೆಟ್ ಅನ್ನುವ ಡಾಕ್ಟರ್‌ಗಳ ಪತ್ರಿಕೆಗೆ ಒಂದು ಕಾಗದ ಬರೆದರು. ಬರೆದದ್ದು ತಮ್ಮ ಸ್ವಂತ ಮಗನ ಬಗ್ಗೆ. ನಾಲ್ಕು ತಿಂಗಳ ಮಗು ತಲೆ ಬಗ್ಗಿಸಲು ಶುರು ಮಾಡಿತು. ಒಂದೊಂದು ಸಲಕ್ಕೂ ಹತ್ತಿಪ್ಪತ್ತು ಬಾರಿ. ಚೂಟಿಯಾಗಿದ್ದ ಮಗು ನಗುವುದನ್ನು, ನೋಡುವುದನ್ನು ಬಿಡುತ್ತಾ ಬಂತು. ಜಿಗಣೆ ಹಚ್ಚಿದರು, ಅಫೀಮು ಕೊಟ್ಟರು, ಆ ಕಾಲದಲ್ಲಿ ಇದ್ದದ್ದೆಲ್ಲ ಮಾಡಿದರು. ಯಾವುದೂ ಹಿಡಿಯಲಿಲ್ಲ. ಯಾರಿಗಾದರೂ ಇದರ ಬಗ್ಗೆ ಗೊತ್ತಿದ್ದರೆ ಹೇಳಿ ಅಂತ ಬೇರೆ ಡಾಕ್ಟರ್‌ಗಳನ್ನೆಲ್ಲ ಕೇಳಿಕೊಂಡ ಕಾಗದ ಅದು. ಇವತ್ತು ಈ ಕಾಯಿಲೆಗೆ ಅವರದೇ ಹೆಸರಿದೆ, ವೆಸ್ಟ್ ಸಿಂಡ್ರೋಮ್. ತಂದೆಯಾಗಿ ದಿನಾ ಕೂತು ಎಣಿಸಿದ್ದರಿಂದಲೇ ಅವರಿಗೆ ಅದು ಕಂಡಿತು.

ನಮ್ಮ ಹತ್ತಿರ ಈಗ ಔಷಧಿ ಇದೆ. ಎಸಿಟಿಎಚ್ ಇಂಜೆಕ್ಷನ್, ಪ್ರೆಡ್ನಿಸೊಲೋನ್, ವಿಗಾಬಾಟ್ರಿನ್. ಶುರುವಾದ ದಿನದಿಂದ ಔಷಧಿ ಕೊಡುವ ದಿನದವರೆಗಿನ ಅಂತರ ಎಷ್ಟು ಕಡಿಮೆಯೋ ಮಗುವಿನ ಬುದ್ಧಿ ಬೆಳವಣಿಗೆಗೆ ಅಷ್ಟು ಒಳ್ಳೆಯದು. ನಮ್ಮಲ್ಲಿ ಆ ಅಂತರ ತಿಂಗಳುಗಟ್ಟಲೆ ಆಗುತ್ತಿದೆ. ಒಬ್ಬ ತಾಯಿ ಐದೂವರೆ ತಿಂಗಳ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಮೂರು ಕಡೆ ತೋರಿಸಿದ್ದಳು, ಮೂರು ಕಡೆಯೂ ಹೊಟ್ಟೆನೋವಿನ ಹನಿ ಕೊಟ್ಟಿದ್ದರು. ನಮ್ಮ ಮುಂದೆ ಮಗು ಏನೂ ಮಾಡಲಿಲ್ಲ. ಆಕೆ ಫೋನ್ ತೆಗೆದು ‘ಇದನ್ನ ನೋಡಿ ಮೇಡಂ, ಯಾರೂ ನೋಡಲೇ ಇಲ್ಲ’ ಅಂತ ಕೈಗಿಟ್ಟಳು. 40 ಸೆಕೆಂಡಿನ ವಿಡಿಯೋ. ತೊಟ್ಟಿಲು, ಹಿಂದೆ ಟಿವಿ ಸದ್ದು, ಮಗು ಏಳು ಸಲ ಬಗ್ಗಿತು. ನಾನು ಬೇರೆ ಏನೂ ಕೇಳುವ ಅಗತ್ಯವೇ ಇರಲಿಲ್ಲ. ಇಇಜಿ ಅದನ್ನೇ ಹೇಳಿತು. ಆಕೆ ಏಳನೇ ತರಗತಿ ಓದಿದವಳು. ಆಕೆಗೆ ಕಂಡದ್ದು ಓದಿದವರಿಗೆ ಕಂಡಿರಲಿಲ್ಲ. ತಾಯಿ ‘ಏನೋ ಸರಿ ಇಲ್ಲ’ ಅಂದರೆ ಮೊದಲು ನಂಬಿ, ಆಮೇಲೆ ಪರೀಕ್ಷೆ ಮಾಡಿ.

ಆಶಾ ಅಕ್ಕಂದಿರೇ, ಹುಟ್ಟಿದ ಮಗುವಿನ ಮನೆಗೆ ನೀವು 3, 7, 14, 21, 28, 42ನೇ ದಿನ ಹೋಗುತ್ತೀರಿ. ಆಮೇಲೆ 3, 6, 9, 12, 15ನೇ ತಿಂಗಳು. ಹುಟ್ಟಿದಾಗ ಅಳದ ಮಗು, ಪೆಟ್ಟಿಗೆಯಲ್ಲಿದ್ದು ಬಂದ ಮಗು ಯಾವುದು ಅಂತ ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. 3ನೇ ತಿಂಗಳಿಗೂ 6ನೇ ತಿಂಗಳಿಗೂ ನಡುವೆ ಆ ಮನೆಗೆ ಸುಮ್ನೆ ಒಂದು ಫೋನ್ ಮಾಡಿ. ಬೆಚ್ಚುತ್ತಾನಾ, ಎದ್ದ ಮೇಲೆ ತಲೆ ಬಗ್ಗಿಸುತ್ತಾನಾ, ನಗುವುದು ಕಡಿಮೆ ಮಾಡಿದ್ದಾನಾ ಕೇಳಿ. ನಾಲ್ಕು ತಿಂಗಳಾದರೂ ಕತ್ತು ನಿಂತಿಲ್ಲವಾ? ಮುಷ್ಟಿ ಬಿಗಿಯಾಗೇ ಇದೆಯಾ? ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದೆಯಾ? ‘ಎಡಚ’ ಅಂತ ಖುಷಿಪಡಬೇಡಿ. ಇನ್ನೊಂದು ಕೈಗೆ ಶಕ್ತಿ ಇಲ್ಲದಿರಬಹುದು. ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ, ಕಳಿಸಿ. ಫಿಸಿಯೋಥೆರಪಿ ಬೇಗ ಶುರುವಾಗಲಿ.

ಬಾಲಗ್ರಹದ ಮಾತೂ ಆಡಬೇಕು. ನಮ್ಮ ಹಿರಿಯರು ಎಳೆ ಮಕ್ಕಳ ಫಿಟ್ಸ್‌ಗೆ ಆ ಹೆಸರಿಟ್ಟರು. ಹೆಸರಿಟ್ಟರು ಅಂದರೆ ಅವರು ಗಮನಿಸಿದ್ದರು ಅಂತ ಅರ್ಥ, ಅದಕ್ಕೆ ನನಗೆ ಗೌರವವಿದೆ. ಆದರೆ ಬರೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಕೆಲವು ಕಡೆ ಇವತ್ತಿಗೂ ಮಗುವಿನ ಹೊಟ್ಟೆಯ ಮೇಲೆ ಕಾಯಿಸಿದ ಸೂಜಿಯ ಗುರುತು ನೋಡುತ್ತೇನೆ. ಪೆಟ್ಟು ತಿಂದ ಮಿದುಳಿಗೆ ಮತ್ತೊಂದು ನೋವು, ಅದರ ಮೇಲೆ ನಂಜು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಮಾಡುತ್ತಾ ಹೊತ್ತು ಕಳೆಯಬೇಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ, ವಿಡಿಯೋ ಮಾಡಿ, ಹೊರಡಿ.

ತಾಯಿಯನ್ನು ದೂರುವುದನ್ನಂತೂ ಬಿಟ್ಟುಬಿಡಿ. ‘ಸರಿಯಾಗಿ ಮುಕ್ಕಲಿಲ್ಲ’, ‘ಗ್ರಹಣದ ದಿನ ಹೊರಗೆ ಬಂದಿದ್ಲು’. ಹತ್ತಾರು ಗಂಟೆ ನೋವು ತಿಂದವಳಿಗೆ, ಮಗು ಮಡಿಲಿಗೆ ಬಾರದೆ ಪೆಟ್ಟಿಗೆ ಸೇರಿದವಳಿಗೆ ಈ ಮಾತು ಆಡುತ್ತೇವೆ. ಅವಳು ಏನೂ ತಪ್ಪು ಮಾಡಿಲ್ಲ. ಇದನ್ನು ಗಂಡನ ಮುಂದೆ, ಅತ್ತೆಯ ಮುಂದೆ ಜೋರಾಗಿ ಹೇಳುವುದನ್ನು ನಾನು ಚಿಕಿತ್ಸೆಯ ಭಾಗ ಅಂತಲೇ ತಿಳಿದಿದ್ದೇನೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ, ಆದ ಮಗುವಿಗೆ ಸರ್ಕಾರದಿಂದ ಏನು ಸಿಗುತ್ತದೆ ಅಂತ ಒಬ್ಬ ತಂದೆ ಕೇಳಿದರು. 2016ರ ಕಾನೂನಿನ 21 ಬಗೆಯ ಅಂಗವೈಕಲ್ಯಗಳಲ್ಲಿ ಅದೂ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ನಿರಾಮಯ ಅನ್ನುವ 1 ಲಕ್ಷದವರೆಗಿನ ಆರೋಗ್ಯ ವಿಮೆಗೆ ಅರ್ಜಿ ಹಾಕಿ ಅಂದೆ. ಆ ಅಜ್ಜಿಯ ಮೊಮ್ಮಗ ಈಗ ಹೇಗಿದ್ದಾನೆ ಅಂತ ಇನ್ನೊಬ್ಬರು ಕೇಳಿದರು. ಶಾಲೆಗೆ ಹೋಗುತ್ತಾನೆ. ಎಡಗೈ ಸ್ವಲ್ಪ ಬಿಗಿ, ನಡೆಯುವಾಗ ಎಡಗಾಲು ಎಳೆಯುತ್ತಾನೆ. ಲೆಕ್ಕ ಕಷ್ಟ, ಮಾತು ಜಾಸ್ತಿ. ಮಾಲಿಶ್ ಮಾಡಿ, ವ್ಯಾಯಾಮ ಮಾಡಿಸಿ ಅವನನ್ನು ನಿಲ್ಲಿಸಿದ್ದು ಆ ಅಜ್ಜಿಯೇ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಚಿಕ್ಕ ವಯಸ್ಸಿನ ಸಿಸ್ಟರ್ ಎದ್ದು ನಿಂತಳು. ‘ಮೇಡಂ, ನೀವು ಕಾಲು ಹಿಡ್ಕೊಂಡೆ ಅಂದ್ರಲ್ಲ. ಎಷ್ಟು ಬಿಗಿಯಾಗಿ ಹಿಡೀಬೇಕು?’

ತರಬೇತಿಯ ಗೊಂಬೆ ಪಕ್ಕದ ಮೇಜಿನ ಮೇಲೇ ಇತ್ತು. ಅದು ಬೇಡ, ನೀನೇ ಬಾ ಅಂದೆ. ಅವಳ ಮುಂಗೈಯನ್ನು ನನ್ನ ಅಂಗೈಯಲ್ಲಿ ತೆಗೆದುಕೊಂಡೆ. ಬೇಕು ಅಂತಲೇ ಕೈ ನಡುಗಿಸು ಅಂದೆ, ನಡುಗಿಸಿದಳು. ಮೆತ್ತಗೆ ಮಡಚಿ ಹಿಡಿದೆ, ನಡುಕ ನಿಂತಿತು. ‘ಹೀಗೆ ನಿಂತರೆ ಅದು ಬರೀ ನಡುಕ. ಚಳಿಯೋ, ಹಸಿವೋ. ಶುಗರ್ ನೋಡು. ಈಗ ನಾನು ಹಿಡಿದರೂ ನಿಲ್ಲಿಸಬೇಡ’ ಅಂದೆ. ಅವಳ ಮಣಿಕಟ್ಟು ನನ್ನ ಕೈಯೊಳಗೆ ತಾಳ ಹಾಕಿದ ಹಾಗೆ ಜಗ್ಗುತ್ತಾ ಹೋಯಿತು. ‘ಇದು ಫಿಟ್ಸ್. ಹಕ್ಕಿಮರಿ ಹಿಡಿದಷ್ಟು ಬಿಗಿ ಸಾಕು. ಕಣ್ಣು ಎಲ್ಲಿದೆ ಅಂತ ಆಗಲೇ ನೋಡಿಬಿಡು.’

ಅವಳು ಪಕ್ಕದವಳ ಕೈ ಹಿಡಿದು ನೋಡಿದಳು. ಆಮೇಲೆ ಉಳಿದವರೂ ಎದ್ದು ಬಂದರು, ಒಬ್ಬರ ಕೈ ಒಬ್ಬರು ಹಿಡಿದು, ಸುಮ್ನೆ ನಡುಗಿಸಿ, ನಿಲ್ಲಿಸಿ, ಮತ್ತೆ ನಡುಗಿಸಿ. ಊಟದ ಹೊತ್ತು ಮೀರಿತ್ತು. ಯಾರೂ ಹೊರಡಲಿಲ್ಲ.